ಮ್ಯಾಟ್ ಪ್ಯಾಲೆಟ್ ಕೊಳ್ಳಬೇಕೇ? ನಮ್ಮ ಸೆಖೆಗೆ ನಿಲ್ಲುವ ಬಣ್ಣ ಆರಿಸುವುದು ಹೀಗೆ

ಹೋದ ಏಪ್ರಿಲ್‌ನಲ್ಲಿ ಮಂಗಳೂರಿನ ಹಂಪನಕಟ್ಟೆಯ ಫ್ಯಾನ್ಸಿ ಅಂಗಡಿಯೊಂದಕ್ಕೆ ಚಿಕ್ಕಮ್ಮನ ಮಗಳ ಜೊತೆ ಹೋಗಿದ್ದೆ. ಅವಳ ಗೆಳತಿಯ ಮದುವೆಗೆ ಇನ್ನು ಹತ್ತೇ ದಿನ. ಅಂಗಡಿಯ ಹುಡುಗಿ ರೆಪ್ಪೆಗೆ ಹಚ್ಚುವ ಐಶ್ಯಾಡೋಗಳ ಒಂದು ಪೆಟ್ಟಿಗೆ, ಅಂದರೆ ಪ್ಯಾಲೆಟ್, ತೆರೆದು ಮುಂದಿಟ್ಟಳು. "ಇದು ನಿನ್ನೆ ಬಂದದ್ದು ಮೇಡಂ. ಫುಲ್ ಮ್ಯಾಟ್. ಹನ್ನೆರಡು ಕಲರ್ ಉಂಟು." ಹೆಂಚಿನ ಕೆಂಪು, ಕಾಫಿ ಪುಡಿಯ ಕಂದು, ಹಣ್ಣಡಿಕೆಯ ಕಿತ್ತಳೆ. ಒಂದಕ್ಕಿಂತ ಒಂದು ಚಂದ. ತಂಗಿ ನನ್ನ ಮುಖ ನೋಡಿದಳು. "ಅಕ್ಕಾ, ತೆಗೊಳ್ಳಲಾ?"

ಅಲ್ಲೇ ನಿಂತು ಹೌದು ಅಥವಾ ಬೇಡ ಅನ್ನಲು ನನಗೆ ಮನಸ್ಸಾಗಲಿಲ್ಲ. ಪೆಟ್ಟಿಗೆಯಲ್ಲಿ ಚಂದ ಕಾಣುವುದು ಬೇರೆ, ಮಧ್ಯಾಹ್ನ ಊಟ ಮುಗಿಸಿ ಮದುವೆ ಹಾಲ್‌ನ ಹೊರಗೆ ಬೆವರುತ್ತಾ ನಿಂತಾಗ ರೆಪ್ಪೆಯ ಮೇಲೆ ಉಳಿದಿರುವುದು ಬೇರೆ. ಮಿಂಚಿಲ್ಲದ ಈ ಮ್ಯಾಟ್ ಬಣ್ಣಗಳಲ್ಲಂತೂ ವ್ಯತ್ಯಾಸ ಜಾಸ್ತಿ. ಅಂದು ನಾವಿಬ್ಬರೂ ಏನೇನು ನೋಡಿದೆವು, ಹೇಗೆ ತೀರ್ಮಾನ ಮಾಡಿದೆವು ಎಂಬುದನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲು ಮನೆಯಲ್ಲಿರುವುದನ್ನು ಹರಡಿ

ಅಂಗಡಿಗೆ ಹೋಗುವ ಮೊದಲೇ ಮಾಡುವ ಕೆಲಸ ಇದು. ಇರುವ ಐಶ್ಯಾಡೋಗಳನ್ನೆಲ್ಲ ಮೇಜಿನ ಮೇಲೆ ತೆರೆದಿಡಿ. ಯಾವ ಬಟ್ಟಲಲ್ಲಿ ಗುಳಿ ಬಿದ್ದಿದೆ? ಯಾವುದರ ತಳದ ತಗಡು ಕಾಣುತ್ತಿದೆ? ನೀವು ನಿಜವಾಗಿ ಹಚ್ಚುವ ಬಣ್ಣ ಅದೇ. ನನ್ನ ಹದಿನೆಂಟು ಬಣ್ಣದ ಹಳೆಯ ಪ್ಯಾಲೆಟ್‌ನಲ್ಲಿ ಮೂರು ವರ್ಷ ಕಳೆದರೂ ಗುಳಿ ಬಿದ್ದದ್ದು ನಾಲ್ಕಕ್ಕೆ ಮಾತ್ರ. ನಾಲ್ಕೂ ಕಂದು. ಹಸಿರು, ನೀಲಿಗಳು ಬಂದ ದಿನ ಹೇಗಿದ್ದವೋ ಹಾಗೇ ಇವೆ.

ಈಗ ಹೊಸ ಪ್ಯಾಲೆಟ್‌ನ ಬಣ್ಣಗಳನ್ನು ಇದಕ್ಕೆ ಹೋಲಿಸಿ. ಮನೆಯಲ್ಲಿ ಇರುವಂಥದ್ದೇ ಎಷ್ಟು, ಕೈ ಹಾಕುವುದೇ ಇಲ್ಲ ಅನ್ನಿಸುವುದು ಎಷ್ಟು ಎಂದು ಎಣಿಸಿ. ಆಮೇಲೆ ಬೆಲೆಯ ಲೆಕ್ಕ. 1,200 ರೂಪಾಯಿಗೆ ಹನ್ನೆರಡು ಬಣ್ಣ ಅಂದರೆ ಬಣ್ಣಕ್ಕೆ ನೂರು ಅನ್ನಿಸುತ್ತದೆ. ಬಳಸುವುದು ನಾಲ್ಕೇ ಆದರೆ ಬಣ್ಣಕ್ಕೆ 300 ಬಿತ್ತು. 900 ರೂಪಾಯಿಯ ಆರು ಬಣ್ಣದ ಪೆಟ್ಟಿಗೆಯಲ್ಲಿ ಐದನ್ನು ಬಳಸಿದರೆ ಬಣ್ಣಕ್ಕೆ 180 ಅಷ್ಟೇ. ಅರ್ಧಕ್ಕಿಂತ ಜಾಸ್ತಿ ಬಣ್ಣಗಳು ವಾರಕ್ಕೊಮ್ಮೆಯಾದರೂ ಹಚ್ಚುವಂಥವು ಆಗದಿದ್ದರೆ ನಾನು ಆ ಪೆಟ್ಟಿಗೆಯನ್ನು ಅಲ್ಲಿಗೇ ಬಿಡುತ್ತೇನೆ.

ತೂಕದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಒಂದೂವರೆ ಗ್ರಾಂನ ಬಟ್ಟಲು ದಿನಾ ಹಚ್ಚಿದರೂ ಮುಗಿಯಲು ಎಷ್ಟೋ ತಿಂಗಳು ಬೇಕು.

ಮ್ಯಾಟ್ ಯಾಕೆ ಕಷ್ಟದ ಬಣ್ಣ

ಇದನ್ನು ತಿಳಿದರೆ ಅಂಗಡಿಯಲ್ಲಿ ಏನು ನೋಡಬೇಕು ಎಂಬುದು ತಾನಾಗಿಯೇ ಗೊತ್ತಾಗುತ್ತದೆ. ಮಿಂಚುವ ಐಶ್ಯಾಡೋದಲ್ಲಿ ಅಭ್ರಕದ ತೆಳು ಪದರಗಳಿಗೆ ಟೈಟಾನಿಯಂ ಡೈಆಕ್ಸೈಡ್ ಲೇಪಿಸಿರುತ್ತಾರೆ. ಆ ಚಪ್ಪಟೆ ಚೂರುಗಳು ಒಂದರ ಮೇಲೊಂದು ಜಾರುತ್ತವೆ, ಚರ್ಮಕ್ಕೆ ಸಲೀಸಾಗಿ ಹರಡುತ್ತವೆ. ಅಲ್ಲಲ್ಲಿ ಹೆಚ್ಚುಕಡಿಮೆ ಆದರೂ ಮಿಂಚು ಅದನ್ನು ಮುಚ್ಚಿಬಿಡುತ್ತದೆ.

ಮ್ಯಾಟ್‌ನಲ್ಲಿ ಆ ಮಿಂಚಿನ ಸಹಾಯ ಇಲ್ಲ. ಇರುವುದು ಟಾಲ್ಕ್‌ನಂಥ ಪುಡಿ, ಬಣ್ಣದ ಪುಡಿ, ಅವನ್ನು ಹಿಡಿದಿಡುವ ಅಂಟು. ಕಂದು, ಕೆಂಪು, ಹಳದಿ ಛಾಯೆಗಳು ಹೆಚ್ಚಾಗಿ ಕಬ್ಬಿಣದ ಆಕ್ಸೈಡ್‌ನಿಂದ ಬರುತ್ತವೆ. ನಮ್ಮ ಮಂಗಳೂರು ಹೆಂಚಿಗೆ ಕೆಂಪು ಬಂದದ್ದೂ ಜೇಡಿಮಣ್ಣಿನ ಕಬ್ಬಿಣದಿಂದಲೇ. 1865ರಲ್ಲಿ ಬಾಸೆಲ್ ಮಿಷನ್‌ನವರು ಇಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದಾಗ ಸುಟ್ಟ ಆ ಬಣ್ಣವೇ ಈಗ ಪ್ಯಾಲೆಟ್‌ಗಳಲ್ಲಿ ನಾನಾ ಹೆಸರಲ್ಲಿ ಬರುತ್ತದೆ. ನನಗಂತೂ ಆ ಬಣ್ಣದ ಮೇಲೆ ವಿಶೇಷ ಪ್ರೀತಿ.

ಈ ಪುಡಿಗಳನ್ನು ನುಣ್ಣಗೆ ಅರೆಯಬೇಕು, ಅಂಟು ಹದವಾಗಿರಬೇಕು. ಎಳ್ಳುಂಡೆಯ ಪಾಕದ ಹಾಗೆ ಇದು. ಪಾಕ ಎಳೆಯದಾದರೆ ಉಂಡೆ ನಿಲ್ಲುವುದಿಲ್ಲ, ಮೀರಿದರೆ ಕಲ್ಲಾಗುತ್ತದೆ. ಅಂಟು ಕಡಿಮೆಯಾದ ಮ್ಯಾಟ್ ಬಣ್ಣ ಬ್ರಷ್ ತಾಗಿಸಿದ ಕೂಡಲೇ ಹಾರಿ ಕೆನ್ನೆ ಮೇಲೆ ಬೀಳುತ್ತದೆ. ಅಂಟು ಜಾಸ್ತಿಯಾದದ್ದು ಬ್ರಷ್‌ಗೆ ಹತ್ತುವುದೇ ಇಲ್ಲ. ಅರೆದದ್ದು ಸಾಲದಿದ್ದರೆ ರೆಪ್ಪೆಯ ಮೇಲೆ ಒಂದು ಕಡೆ ದಟ್ಟ, ಒಂದು ಕಡೆ ಬೋಳು. ನೇರಳೆ ಮತ್ತು ಗಾಢ ಕೆಂಪು ಮ್ಯಾಟ್‌ಗಳಲ್ಲಿ ಈ ತೊಂದರೆ ಜಾಸ್ತಿ. ಹಾಗಾಗಿ ಕಂದನ್ನು ನೋಡಿ ಇಡೀ ಪೆಟ್ಟಿಗೆಯನ್ನು ಮೆಚ್ಚಬೇಡಿ. ನೇರಳೆ ಇದ್ದರೆ ಮೊದಲು ಅದನ್ನೇ ಹಚ್ಚಿ ನೋಡಿ.

ಬೆರಳು ಬೇಡ, ಬ್ರಷ್ ಬೇಕು

ಅಂಗಡಿಯಲ್ಲಿ ಟೆಸ್ಟರ್ ಮೇಲೆ ಬೆರಳೊತ್ತಿ ಕೈಗೆ ಎಳೆದು ತೋರಿಸುತ್ತಾರೆ. ಬೆರಳಿಗೆ ಎಣ್ಣೆ ಪಸೆ ಇದೆ, ಒತ್ತುವ ಬಲವೂ ಇದೆ. ಹಾಗೆ ಎಳೆದರೆ ಯಾವ ಐಶ್ಯಾಡೋ ಕೂಡ ದಟ್ಟವಾಗಿಯೇ ಕಾಣುತ್ತದೆ. ಮನೆಯಿಂದ ಒಂದು ಸ್ವಚ್ಛ ಬ್ರಷ್ ತೆಗೆದುಕೊಂಡು ಹೋಗಿ. ಮುಂಗೈಯ ಒಳಭಾಗದಲ್ಲಿ ಎರಡು ಬಣ್ಣ ಪಕ್ಕಪಕ್ಕದಲ್ಲಿ ಹಚ್ಚಿ. ನಡುವಿನ ಗೆರೆಯ ಮೇಲೆ ಹಗುರವಾಗಿ ಹತ್ತು-ಹದಿನೈದು ಸಲ ಬ್ರಷ್ ಆಡಿಸಿ. ಒಳ್ಳೆಯ ಮ್ಯಾಟ್ ಆದರೆ ಗೆರೆ ಮಾತ್ರ ಕರಗುತ್ತದೆ, ಬಣ್ಣ ಉಳಿಯುತ್ತದೆ. ಕಳಪೆಯದಾದರೆ ಬಣ್ಣವೇ ಮಾಯವಾಗುತ್ತದೆ. ಇಲ್ಲವೇ ಎರಡೂ ಸೇರಿ ಕೆಸರಿನಂತಾಗುತ್ತದೆ. ಒಂದು ಪ್ಯಾಲೆಟ್‌ಗೆ ಜಾಸ್ತಿ ದುಡ್ಡು ಕೊಡಬಹುದು ಅಂತಿದ್ದರೆ ಈ ಒಂದು ಗುಣಕ್ಕೆ. ಕನ್ನಡಿಗೆ, ಅಯಸ್ಕಾಂತದ ಮುಚ್ಚಳಕ್ಕೆ ಅಲ್ಲ.

ಟೆಸ್ಟರ್ ಅನ್ನು ಮಾತ್ರ ಕಣ್ಣಿಗೆ ತಾಗಿಸಲೇಬೇಡಿ. ಎಷ್ಟು ಜನರ ಕೈ ಬಿದ್ದಿದೆಯೋ ಗೊತ್ತಿಲ್ಲ, ಮಳೆಗಾಲದಲ್ಲಿ ಕೆಂಗಣ್ಣು ಬೇರೆ ಹರಡುತ್ತದೆ.

ಈಗ ಬಾಗಿಲ ಹತ್ತಿರ ಬಂದು ಹಗಲ ಬೆಳಕಿನಲ್ಲಿ ಕೈ ನೋಡಿ. ಅಂಗಡಿಯ ಬಿಳಿ ದೀಪದ ಕೆಳಗೆ ಚಂದ ಕಂಡ ತಿಳಿಗಂದು ಇಲ್ಲಿ ಬೂದಿ ಬಳಿದಂತೆ ಕಾಣಬಹುದು. ತಿಳಿ ಬಣ್ಣ ಬರಲೆಂದು ಬಿಳಿ ಪುಡಿ ಜಾಸ್ತಿ ಬೆರೆಸಿದ ಫಲ ಅದು. ನಮ್ಮಂಥ ಗೋಧಿ ಮೈಬಣ್ಣ, ಕಂದು ಮೈಬಣ್ಣಕ್ಕೆ ಇದು ದೊಡ್ಡ ವಿಷಯ. ಎಷ್ಟೋ ಪ್ಯಾಲೆಟ್‌ಗಳಲ್ಲಿ ಮೊದಲ ಮೂರ್ನಾಲ್ಕು ತಿಳಿ ಬಣ್ಣಗಳು ನಮ್ಮ ಚರ್ಮದ ಮೇಲೆ ಕಾಣುವುದೇ ಇಲ್ಲ, ಕಂಡರೆ ಬೂದಿ. ಅವನ್ನು ಎಣಿಕೆಯಿಂದ ಕೈಬಿಡಿ. ನಮಗೆ ಮುಖ್ಯವಾಗಿ ಬೇಕಾದದ್ದು ಮೈಬಣ್ಣಕ್ಕಿಂತ ಒಂದೆರಡು ಛಾಯೆ ಗಾಢವಾದ ನಡು ಕಂದು. ರೆಪ್ಪೆಯ ಮಡಿಕೆಗೆ ಆಳ ಕೊಡುವುದು ಅದು. ವಯಸ್ಸಾದ ರೆಪ್ಪೆಯ ಸುಕ್ಕನ್ನು ಮಿಂಚು ಎತ್ತಿ ತೋರಿಸುತ್ತದೆ, ಈ ಕಂದು ತೋರಿಸುವುದಿಲ್ಲ. ಅಮ್ಮನಿಗೂ ಆಗುತ್ತದೆ, ಮಗಳಿಗೂ ಆಗುತ್ತದೆ. ಗಾಢ ಕಂದನ್ನು ಒದ್ದೆ ಬ್ರಷ್‌ನಲ್ಲಿ ತೆಗೆದರೆ ಐಲೈನರ್, ಒಣ ಬ್ರಷ್‌ನಲ್ಲಿ ಹುಬ್ಬು ತುಂಬಲು ಕೂಡ ಸಾಕು.

ಕೈಯಲ್ಲಿರುವ ಬಣ್ಣವನ್ನು ಒರೆಸಬೇಡಿ. ಪೇಟೆಯ ಬೇರೆ ಕೆಲಸ ಮುಗಿಸಿ, ಒಂದು ಗಡ್‌ಬಡ್ ಐಸ್‌ಕ್ರೀಂ ತಿನ್ನಿ, ಸಿಟಿ ಬಸ್ಸಿನಲ್ಲಿ ಮನೆಗೆ ಹೋಗಿ. ಮೂರ್ನಾಲ್ಕು ಗಂಟೆಯ ಬೆವರಿನ ನಂತರ ಎಷ್ಟು ಉಳಿದಿದೆ ನೋಡಿ. ನಮ್ಮೂರಿನ ಸೆಖೆಯಷ್ಟು ಒಳ್ಳೆಯ ಪರೀಕ್ಷೆ ಬೇರೆ ಇಲ್ಲ. ನಾವೂ ಅಂದು ಹಾಗೇ ಬರಿಗೈಯಲ್ಲಿ ಮನೆಗೆ ಬಂದೆವು. ಸಂಜೆ ತಂಗಿಯ ಕೈಯಲ್ಲಿ ಹೆಂಚಿನ ಕೆಂಪು ಮತ್ತು ಎರಡು ಕಂದು ಉಳಿದಿದ್ದವು. ನೇರಳೆ ಕಲೆಕಲೆಯಾಗಿತ್ತು, ತಿಳಿ ಬಣ್ಣಗಳ ಗುರುತೇ ಇರಲಿಲ್ಲ.

ರಟ್ಟಿನ ಹಿಂಬದಿ ಓದಿ

ತಯಾರಕರ ಹೆಸರು, ವಿಳಾಸ, ಬ್ಯಾಚ್ ಸಂಖ್ಯೆ, ಎಲ್ಲಿಯವರೆಗೆ ಬಳಸಬಹುದು ಎಂಬ ದಿನಾಂಕ, ಒಳಗೆ ಏನೇನಿದೆ ಎಂಬ ಪಟ್ಟಿ ಇರಲೇಬೇಕು. ವಿದೇಶದ್ದಾದರೆ ಆಮದಿನ ನೋಂದಣಿ ಸಂಖ್ಯೆಯೂ ಇರಬೇಕು. 2020ರ ಕಾಸ್ಮೆಟಿಕ್ಸ್ ನಿಯಮಗಳು ಇದನ್ನು ಕೇಳುತ್ತವೆ. ದೊಡ್ಡ ಹೆಸರಿನ ಪ್ಯಾಲೆಟ್ ಕಾಲು ಬೆಲೆಗೆ ಸಿಗುತ್ತಿದೆ, ಆದರೆ ಈ ವಿವರ ಯಾವುದೂ ಇಲ್ಲ ಅಂದರೆ ಮುಟ್ಟಬೇಡಿ. ಹಚ್ಚುವುದು ಕಣ್ಣಿನ ಪಕ್ಕದಲ್ಲಿ, ಅಲ್ವಾ?

ಪಟ್ಟಿಯಲ್ಲಿ ಬಣ್ಣಗಳಿಗೆ ಸಿಐ (CI) ಎಂಬ ಸಂಖ್ಯೆ ಇರುತ್ತದೆ. ಸಿಐ 75470 ಎಂದಿದ್ದರೆ ಅದು ಕಾರ್ಮೈನ್. ಕಳ್ಳಿಯ ಮೇಲೆ ಬದುಕುವ ಕೊಚಿನೀಲ್ ಎಂಬ ಕೀಟದಿಂದ ತೆಗೆದ ಕೆಂಪು. ಬೇಡ ಅನ್ನುವವರು ಇಲ್ಲೇ ನೋಡಿಕೊಳ್ಳಬಹುದು. ಸಿಐ 77491, 77492, 77499 ಅಂದರೆ ಕಬ್ಬಿಣದ ಆಕ್ಸೈಡ್‌ಗಳು. ಕೆಲವು ಉಜ್ವಲ ಗುಲಾಬಿ, ಕೆಂಪು ಬಣ್ಣಗಳಿಗೆ ಅಮೆರಿಕದಲ್ಲಿ ಕಣ್ಣಿನ ಸುತ್ತ ಹಚ್ಚಲು ಅನುಮತಿ ಇಲ್ಲ. ಅಂಥವನ್ನು ಐಶ್ಯಾಡೋ ಅನ್ನದೆ ಪ್ರೆಸ್ಡ್ ಪಿಗ್ಮೆಂಟ್ ಎಂಬ ಹೆಸರಲ್ಲಿ ಮಾರುತ್ತಾರೆ. ಸಣ್ಣ ಅಕ್ಷರದಲ್ಲಿ 'ಕಣ್ಣಿಗೆ ಅಲ್ಲ' ಎಂದು ಬರೆದಿದ್ದರೆ ಅದನ್ನು ನಂಬಿ.

ಆನ್‌ಲೈನ್‌ನಲ್ಲಿ ಕೊಳ್ಳುವವರು ನಿಮ್ಮಂಥದ್ದೇ ಮೈಬಣ್ಣದವರು ಹಗಲಲ್ಲಿ ತೆಗೆದ ಕೈಯ ಫೋಟೊ ಹುಡುಕಿ. ತೆರೆದ ಮೇಲೆ ವಾಪಸ್ ತೆಗೆದುಕೊಳ್ಳುತ್ತಾರಾ ಎಂದು ಮೊದಲೇ ಓದಿಕೊಳ್ಳಿ.

ತಳಕ್ಕೂ ದುಡ್ಡು ಇಟ್ಟುಕೊಳ್ಳಿ

ಯಕ್ಷಗಾನದ ಚೌಕಿಯಲ್ಲಿ ಬಣ್ಣ ಹಚ್ಚುವುದನ್ನು ನೋಡಿದ್ದೀರಾ? ಬಣ್ಣದ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ಹಚ್ಚುತ್ತಾರೆ. ರಾತ್ರಿಯಿಡೀ ಕುಣಿದು ಬೆವರಿದರೂ ಆ ಬಣ್ಣ ಮುಖ ಬಿಟ್ಟು ಹೋಗುವುದಿಲ್ಲ. ಪುಡಿಗೆ ಹಿಡಿದುಕೊಳ್ಳಲು ಏನಾದರೂ ಬೇಕು. ಬರಿಯ ರೆಪ್ಪೆಗೆ ಐಶ್ಯಾಡೋ ಹಚ್ಚಿದರೆ ಎಂಥ ದುಬಾರಿಯದ್ದೂ ಮಧ್ಯಾಹ್ನದ ಹೊತ್ತಿಗೆ ಮಡಿಕೆಯಲ್ಲಿ ಗೆರೆ ಕಟ್ಟುತ್ತದೆ. ಮೊದಲು ಬಣ್ಣವನ್ನು ಹಿಡಿದಿಡುವ ತಳವಾದ ಐ ಪ್ರೈಮರ್, ಇಲ್ಲವಾದರೆ ತೆಳ್ಳಗೆ ಕನ್ಸೀಲರ್ ಹಚ್ಚಿ ಮೇಲೆ ಸ್ವಲ್ಪ ಪೌಡರ್ ಒತ್ತಿ, ಆಮೇಲೆ ಬಣ್ಣ. ಕೈಯಲ್ಲಿ ಸಾವಿರ ರೂಪಾಯಿ ಇದ್ದರೆ ಅಷ್ಟನ್ನೂ ಪ್ಯಾಲೆಟ್‌ಗೆ ಸುರಿಯುವ ಬದಲು ಮುನ್ನೂರನ್ನು ಪ್ರೈಮರ್‌ಗೆ ಇಡಿ. ಏಳುನೂರರ ಪ್ಯಾಲೆಟ್ ಆಗ ಸಂಜೆವರೆಗೆ ನಿಲ್ಲುತ್ತದೆ.

ತಂಗಿ ಎರಡು ದಿನ ಬಿಟ್ಟು ಹೋಗಿ ತಂದದ್ದು ಆರು ಬಣ್ಣದ ಸಣ್ಣ ಮ್ಯಾಟ್ ಪ್ಯಾಲೆಟ್, ಜೊತೆಗೆ ಒಂದು ಪ್ರೈಮರ್. ಹೆಂಚಿನ ಕೆಂಪು ಅದರಲ್ಲೂ ಇತ್ತು.

ಮಳೆಗಾಲ ಇದೆ, ನೆನಪಿಡಿ

ಕೊಳ್ಳುವಾಗಲೇ ಇದನ್ನೂ ಯೋಚಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಪಾಟಿನಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತದೆ. ರಟ್ಟಿನ ಪೆಟ್ಟಿಗೆ ಥಂಡಿಗೆ ಉಬ್ಬಿ ಮುಚ್ಚಳ ಸರಿಯಾಗಿ ಕೂರುವುದಿಲ್ಲ. ನಾನು ಪ್ಲಾಸ್ಟಿಕ್ ಅಥವಾ ತಗಡಿನದ್ದನ್ನೇ ಆರಿಸುತ್ತೇನೆ. ತೆರೆದ ಡಬ್ಬದ ಚಿತ್ರದ ಪಕ್ಕ 12 ಎಂ ಅಥವಾ 24 ಎಂ ಎಂದಿರುತ್ತದೆ. ತೆರೆದ ಮೇಲೆ ಅಷ್ಟು ತಿಂಗಳು ಬಳಸಬಹುದು ಎಂದು ಅರ್ಥ. ಆದರೆ ಬಣ್ಣದ ಮೇಲೆ ಬಿಳಿ ಚುಕ್ಕೆ ಕಂಡರೆ, ಮುಗ್ಗಲು ವಾಸನೆ ಬಂದರೆ ದಿನಾಂಕ ನೋಡದೆ ಎಸೆಯಿರಿ. ಮೇಲ್ಮೈ ಸುಮ್ನೆ ಗಟ್ಟಿಯಾಗಿ ಹೊಳೆಯುತ್ತಿದ್ದರೆ ಮಾತ್ರ ಹೆದರಬೇಡಿ, ಅದು ಬೆರಳಿನ ಎಣ್ಣೆ. ಸೆಲ್ಲೋಟೇಪ್ ಒತ್ತಿ ಎತ್ತಿದರೆ ಆ ಪದರ ಬರುತ್ತದೆ, ಕೆಳಗೆ ಹೊಸ ಬಣ್ಣ ಇರುತ್ತದೆ.

ಒದ್ದೆ ಬ್ರಷ್ ತಾಗಿದ ಬಟ್ಟಲು ಪೂರ್ತಿ ಒಣಗಿದ ಮೇಲೆಯೇ ಮುಚ್ಚಳ ಹಾಕಿ. ಹೊಸ ಬ್ಯಾಗ್ ಅಥವಾ ಚಪ್ಪಲಿ ಡಬ್ಬದಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಎರಡನ್ನು ಪ್ಯಾಲೆಟ್ ಜೊತೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬದಲ್ಲಿಡಿ. ಬಚ್ಚಲುಮನೆಯ ಕನ್ನಡಿ ಹತ್ತಿರ ಮಾತ್ರ ಬೇಡ.