ರೊಕ್ಕ ಎಷ್ಟಿದೆ ಅಂತ ಮೊದಲು ಹೇಳಿ, ಏನು ಬೇಕು ಅಂತ ಆಮೇಲೆ ಕೇಳಿ: ನನ್ನ ಅನುಭವ

ನಾನು ಗದಗ ಜಿಲ್ಲೆಯ ರೋಣದ ಕಡೆಯ ಒಂದು ಗ್ರಾಮ ಪಂಚಾಯಿತಿಗೆ 2020ರ ಡಿಸೆಂಬರ್ ಚುನಾವಣೆಯಲ್ಲಿ ಆರಿಸಿ ಬಂದವಳು. ಇದನ್ನು ಬರೆಯುತ್ತಿರುವುದು ನನ್ನ ಹಾಗೆಯೇ ಪಂಚಾಯಿತಿಯಲ್ಲಿ ಇರುವವರಿಗೆ. ವಾರ್ಡಿನ ಮತದಾರರು ಕೂಡುವ ವಾರ್ಡ್ ಸಭೆ, ಇಡೀ ಪಂಚಾಯಿತಿಯ ಮತದಾರರು ಕೂಡುವ ಗ್ರಾಮ ಸಭೆ, ವರ್ಷದ ಕೆಲಸಗಳ ಪಟ್ಟಿಯಾದ ಕ್ರಿಯಾ ಯೋಜನೆ, ಇವೆಲ್ಲ ನಿಮಗೆ ಗೊತ್ತೇ ಇವೆ. ಓಣಿಯ ಜನರನ್ನು ಕೇಳಿ ಕೆಲಸದ ಪಟ್ಟಿ ಮಾಡಿದೆ, ಆ ಪಟ್ಟಿಯಂತೆ ಕೆಲಸವೂ ಆಯಿತು. "ಇದೆಲ್ಲಾ ನಮ್ಮೂರಾಗ ನಡಿಯೂದಿಲ್ರೀ ಅಕ್ಕಾರ" ಅಂದವರೇ ಈಗ ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೇ ಹೇಳಿ ಸಾಕಾಯಿತು, ಅದಕ್ಕೇ ಬರೆದುಬಿಡುತ್ತೇನೆ.

ಬೆಳಿಗ್ಗೆ 11ಕ್ಕೆ ಸಭೆ ಕರೆದರೆ ಯಾರು ಬರುತ್ತಾರೆ ಹೇಳಿ? ಕಸ ತೆಗೆಯಲು ಹೊಲಕ್ಕೆ ಹೋಗುವ ಹೆಣ್ಣುಮಗಳು ಅವತ್ತಿನ 250-300 ರೂಪಾಯಿ ಕೂಲಿ ಬಿಟ್ಟು ಬರಬೇಕು. ಬರುವವರು ಹೇಗೂ ಕಟ್ಟೆ ಮೇಲೆ ಕೂತಿರುವವರೇ. ಗ್ರಾಮ ಸಭೆಯ ಕೋರಂಗೆ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿಗೆ, ಮತದಾರರಲ್ಲಿ ಹತ್ತರಲ್ಲಿ ಒಂದು ಪಾಲು ಇಲ್ಲವೇ 100 ಜನ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಸಾಕು. ಆ ಸಹಿಗಳು ಹಾಜರಿ ಪುಸ್ತಕದಲ್ಲಿ ಹೇಗೆ ತುಂಬುತ್ತವೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ಬಂದವರನ್ನು "ಏನು ಬೇಕು" ಅಂತ ಕೇಳಿದರೆ ಸಿಸಿ (ಕಾಂಕ್ರೀಟ್) ರಸ್ತೆ, ಸಮುದಾಯ ಭವನ, ಎತ್ತರದ ಕಂಬದ ಹೈಮಾಸ್ಟ್ ಲೈಟು. ಮೊದಲ ವರ್ಷ ಎಲ್ಲ ಬೇಡಿಕೆ ಕೂಡಿಸಿ ನೋಡಿದೆವು, ಕೋಟಿ ದಾಟಿತ್ತು. ಕೈಯಲ್ಲಿದ್ದದ್ದು ಎಷ್ಟು? 15ನೇ ಹಣಕಾಸು ಆಯೋಗದ ಅನುದಾನ ಆಗ ನಮಗೆ ವರ್ಷಕ್ಕೆ ಸುಮಾರು 22 ಲಕ್ಷ. ಅದರಲ್ಲಿ ಶೇ 60 ಟೈಡ್, ಅಂದರೆ ಇಂಥದ್ದಕ್ಕೇ ಅಂತ ಕಟ್ಟಿಟ್ಟದ್ದು: ಕುಡಿಯುವ ನೀರಿಗೆ ಅರ್ಧ, ನೈರ್ಮಲ್ಯಕ್ಕೆ ಅರ್ಧ. ಉಳಿದ ಅನ್‌ಟೈಡ್ ರೊಕ್ಕದಲ್ಲಿ ಪರಿಶಿಷ್ಟರ ಪಾಲು, ಅಂಗವಿಕಲರ ಪಾಲು ತೆಗೆದು, ಆಮೇಲೆ ಸದಸ್ಯರೆಲ್ಲ ಸೇರಿ ವಾರ್ಡ್‌ವಾರು ಹಂಚಿಕೊಂಡರೆ ನನ್ನ ವಾರ್ಡಿಗೆ 1 ಲಕ್ಷ ಸಿಕ್ಕರೆ ಹೆಚ್ಚು. ಕೋಟಿ ಬರೆಸಿಕೊಂಡು ಲಕ್ಷದ ಕೆಲಸ ಮಾಡಿದರೆ ಮರುವರ್ಷ ಯಾಕೆ ಬರುತ್ತಾರೆ ಜನ?

ಅದಕ್ಕೇ ರೊಕ್ಕದ ಲೆಕ್ಕ ಮೊದಲೇ ಹೇಳಿಬಿಡೋಣ ಅಂದೆ. ಪಂಚಾಯಿತಿಯಲ್ಲಿ ಗದ್ದಲವೇ ಆಯಿತು. ಹೇಳಿದರೆ ಜನ ಹೊಡೆದಾಡುತ್ತಾರೆ ಅಂತ ಒಬ್ಬರು. ಇನ್ನೊಬ್ಬ ಹಿರಿಯರು ಖರೇ ಮಾತು ಹೇಳಿದರು: "ಲಕ್ಷ ರೂಪಾಯಿ ಸಲುವಾಗಿ ಮೆಂಬರ್ ಆಗೀರೇನು ಅಂತಾರ. ನಮ್ಮ ಮರ್ಯಾದಿ ಉಳಿಯೂದಿಲ್ಲ." ಭಯ ಇದ್ದದ್ದು ಅದೇ.

ಕೊನೆಗೆ ನಾನು ಹಿಡಿದ ದಾರಿ ಓಣಿ ಸಭೆ, ಅಂದರೆ ಒಂದೊಂದು ಓಣಿಯ ಜನರನ್ನು ಅವರ ಓಣಿಯಲ್ಲೇ ಕೂಡಿಸಿ ಕೇಳುವುದು. ಅದಕ್ಕೆ ಬರುವ ಮುಂಚೆ ನಾನು ಬೇರೆ ಎರಡು ದಾರಿ ನೋಡಿದ್ದೆ. ಎರಡೂ ಕೈಕೊಟ್ಟವು. ಪಂಚಾಯಿತಿ ಮುಂದೆ ಸಲಹಾ ಪೆಟ್ಟಿಗೆ ಇಟ್ಟೆವು, ಬಡಿಗನಿಗೆ 700-800 ರೂಪಾಯಿ ಕೊಟ್ಟು ಮಾಡಿಸಿದ್ದು. ತಿಂಗಳ ಮೇಲೆ ತೆಗೆದರೆ ಗುಟ್ಕಾ ಚೀಟಿ, ಬೀಡಿ ತುಂಡು, ಮತ್ತೆ ಒಬ್ಬರ ಮನೆಯ ಜಗಳದ ಬಗ್ಗೆ ಎರಡು ಪುಟ. ವಾಟ್ಸಾಪ್ ಗುಂಪಿನಲ್ಲಿ ಮತ ಹಾಕಿಸಿದೆ. ಹುಬ್ಬಳ್ಳಿ, ಬೆಂಗಳೂರಿನಲ್ಲಿ ದುಡಿಯುವ ನಮ್ಮ ಹುಡುಗರೇ ಜಾಸ್ತಿ ಹಾಕಿದರು. ಗೆದ್ದದ್ದು ಜಿಮ್! ವರ್ಷಕ್ಕೆ ಎರಡು ಸಲ ಜಾತ್ರೆಗೆ, ಹಬ್ಬಕ್ಕೆ ಬರುವವರಿಗೆ ಜಿಮ್ ಕಟ್ಟಿಸಿ ಕೊಡಬೇಕಂತೆ.

ಓಣಿ ಸಭೆಗೆ ಮುಖ್ಯ ಹೊತ್ತು. ರಾತ್ರಿ ಅಂದುಕೊಂಡರೆ ಏಳಕ್ಕೆ ರೊಟ್ಟಿ ಬಡಿಯುವ ಹೊತ್ತು, ಎಂಟರ ಮೇಲೆ ಧಾರಾವಾಹಿ. ಗಂಡಸರು ಮಾತ್ರ ಬಂದರು. ಕೊನೆಗೆ ಅಮಾವಾಸ್ಯೆ ಹಿಡಿದೆ. ಅವತ್ತು ನಮ್ಮ ಕಡೆ ಎತ್ತು ಹೂಡುವುದಿಲ್ಲ, ಕೂಲಿಯೂ ಇರುವುದಿಲ್ಲ. ಉಂಡು ಕೂತ ಮೇಲೆ, ಮೂರು ಗಂಟೆಗೆ, ಆಯಾ ಓಣಿಯ ಗುಡಿ ಕಟ್ಟೆಯಲ್ಲಿ. ಪೆಂಡಾಲ್ ಇಲ್ಲ, ಮೈಕ್ ಇಲ್ಲ. ಮೈಕ್ ಇದ್ದರೆ ಭಾಷಣ ಶುರುವಾಗುತ್ತದೆ. ಡಂಗುರದವನಿಗೆ 200, ಚುರುಮುರಿ, ಮಿರ್ಚಿ, ಚಹಾಕ್ಕೆ ಓಣಿಗೆ 800-900 ಬಿತ್ತು. ನಾಲ್ಕು ಓಣಿ ಸೇರಿ 4 ಸಾವಿರದ ಮೇಲೆ ಆಗಿರಬೇಕು, ನನ್ನ ಗೌರವಧನದಲ್ಲೇ ಹೋಯಿತು. ಚಹಾ ಕಾಯಿಸಿದ್ದು ನಮ್ಮ ಯಜಮಾನರು. ಮೆಂಬರ್ ಹೆಂಡತಿ, ಸಭೆಯಲ್ಲಿ ಕೂರುವವನು ಗಂಡ ಅನ್ನುವ ಪದ್ಧತಿ ನಮ್ಮಲ್ಲಿಲ್ಲ, ಇದನ್ನೂ ಬರೆದಿಟ್ಟಿರಲಿ.

ಒಂದು ರಟ್ಟಿನ ಮೇಲೆ ದೊಡ್ಡ ಅಕ್ಷರದಲ್ಲಿ ರೊಕ್ಕ ಬರೆದು ತೂಗು ಹಾಕಿದೆ. ನೀರಿಗೆ ಇಷ್ಟು, ಗಟಾರಕ್ಕೆ ಇಷ್ಟು, ನಮಗೆ ಬಿಟ್ಟದ್ದು ಇಷ್ಟು. ಪಕ್ಕದಲ್ಲಿ ಒಂದೊಂದು ಕೆಲಸಕ್ಕೆ ಎಷ್ಟು ಬೀಳುತ್ತದೆ ಅನ್ನುವುದು. ಈ ರೇಟು ಎಂಜಿನಿಯರ್ ಹತ್ತಿರ ಮೊದಲೇ ಕೇಳಿ ಬರೆದುಕೊಳ್ಳಿ. ಆಮೇಲೆ ಎಸ್ಟಿಮೇಟು ಬಂದು ನಿಮ್ಮ ಲೆಕ್ಕದ ಮೇಲೆ 60 ಸಾವಿರ ಜಾಸ್ತಿ ಅಂದರೆ ಜನ ನಿಮ್ಮನ್ನೇ ಹಿಡಿಯುತ್ತಾರೆ. ಗಟಾರ ಮೀಟರಿಗೆ ಎರಡೂವರೆ-ಮೂರು ಸಾವಿರ ಅಂತ ಓದಿದಾಗಲೇ ಸಮುದಾಯ ಭವನದ ಮಾತು ತಾನಾಗಿ ನಿಂತಿತು. ಹೊಡೆದಾಟ ಏನೂ ಆಗಲಿಲ್ಲ. ಒಬ್ಬ ಅಜ್ಜ ಮಾತ್ರ "ಇಷ್ಟ ಏನ ನಮ್ಮ ಪಾಲು?" ಅಂತ ಎರಡು ಸಲ ಕೇಳಿದ.

ಆಮೇಲೆ ಬೀಜ. ಒಂದೊಂದು ಕೆಲಸಕ್ಕೆ ಒಂದೊಂದು ಡಬ್ಬಿ, ಡಬ್ಬಿ ಮೇಲೆ ಚಿತ್ರ. ತಲೆಗೆ ಮೂರು ಬೀಜ, ಬೇಕಾದ ಕೆಲಸದ ಡಬ್ಬಿಗೆ ಹಾಕಬೇಕು. ಮೊದಲ ಓಣಿಯಲ್ಲಿ ಕಡಲೆ ಕೊಟ್ಟೆ, ಹುಡುಗರು ಅರ್ಧ ತಿಂದು ಮುಗಿಸಿದರು. ಎರಡನೇ ಓಣಿಗೆ ಹುಣಸೆ ಬೀಜ ತಂದೆ. ಎಣಿಸಿದರೆ ಕೊಟ್ಟದ್ದಕ್ಕಿಂತ ಜಾಸ್ತಿ! ಹುಣಸೆ ಬೀಜ ಯಾರ ಮನೆಯಲ್ಲಿ ಇಲ್ಲ ಹೇಳಿ? ಒಂದು ಮನೆತನದವರು ಮಡಿಲಲ್ಲಿ ಕಟ್ಟಿಕೊಂಡೇ ಬಂದಿದ್ದರು. ಅವತ್ತಿನ ಎಣಿಕೆ ರದ್ದು ಮಾಡಿ ಮುಂದಿನ ಅಮಾವಾಸ್ಯೆಗೆ ಮತ್ತೆ ಕರೆದೆ, ಇನ್ನೊಮ್ಮೆ ಚಹಾದ ಖರ್ಚು. ಈಗ ಬೀಜಕ್ಕೆ ಗುರುತು ಹಾಕುತ್ತೇನೆ. ಏನು ಗುರುತು ಅಂತ ಇಲ್ಲಿ ಬರೆಯುವುದಿಲ್ಲ, ನಮ್ಮೂರಿನವರೂ ಇದನ್ನು ಓದುತ್ತಾರೆ. ಓಣಿಗೊಬ್ಬ ಬಾಯಿಬಡುಕ ಇರುತ್ತಾನಲ್ಲ, ಅವನನ್ನು ಸುಮ್ಮನೆ ಕೂರಿಸುವ ಉಪಾಯವೂ ಒಂದಿದೆ. ಅದೂ ನನ್ನ ಹತ್ತಿರವೇ ಇರಲಿ.

ಹೆಂಗಸರಿಗೆ, ಗಂಡಸರಿಗೆ ಬೇರೆ ಬೇರೆ ಡಬ್ಬಿ ಇಡಿ. ನನ್ನ ಕೇಳಿದರೆ ಇಡೀ ಕೆಲಸದ ಗುಟ್ಟು ಇದೇ. ಗಂಡಸರ ಬೀಜ ಹೈಮಾಸ್ಟ್ ಡಬ್ಬಿಯಲ್ಲಿ ತುಂಬಿತ್ತು, ಬಸ್ ಸ್ಟ್ಯಾಂಡಿನಲ್ಲಿ ಬೆಳಕು ಬೇಕಂತೆ. ಹೆಂಗಸರ ಬೀಜ ಹಿಂದಿನ ಓಣಿಯಿಂದ ಹಳ್ಳದ ಕಡೆ ಹೋಗುವ ಕತ್ತಲೆ ದಾರಿಗೆ ಬಿದ್ದಿತ್ತು. ಅಲ್ಲಿಗೆ ಏಳೆಂಟು ಎಲ್‌ಇಡಿ ಬಲ್ಬು ಸಾಕು, ಒಂದಕ್ಕೆ ಫಿಟ್ಟಿಂಗ್ ಸೇರಿ 2,500 ಹಿಡಿದರೂ 20 ಸಾವಿರ. ಹೈಮಾಸ್ಟ್ ಒಂದಕ್ಕೇ ನಮ್ಮ ವಾರ್ಡಿನ ರೊಕ್ಕ ಸಾಲುತ್ತಿರಲಿಲ್ಲ.

ಆದರೆ ಹೆಂಗಸರ ಮೊದಲ ಬೇಡಿಕೆ ಯಾವ ಡಬ್ಬಿಯಲ್ಲೂ ಇರಲಿಲ್ಲ. ಒಬ್ಬ ಅಕ್ಕ ಬೀಜ ಕೈಯಲ್ಲೇ ಹಿಡಿದುಕೊಂಡು ಕೇಳಿದಳು: "ನೀರು ಬಿಡೂ ಹೊತ್ತು ಬದಲಿ ಮಾಡಾಕ ಯಾವ ಡಬ್ಬಿ?" ನಮ್ಮಲ್ಲಿ ನಳ ಬರುತ್ತಿದ್ದದ್ದು ಹನ್ನೊಂದರ ಸುಮಾರಿಗೆ, ಅವರೆಲ್ಲ ಹೊಲದಲ್ಲಿ ಇರುವಾಗ. ಮನೆಯಲ್ಲಿ ಒಬ್ಬಳು ನೀರು ಹಿಡಿಯಲು ಉಳಿಯಬೇಕು, ಇಲ್ಲ ಹುಡುಗಿಯ ಶಾಲೆ ತಪ್ಪಿಸಬೇಕು. ಅಷ್ಟು ವರ್ಷದ ಗ್ರಾಮ ಸಭೆಗಳಲ್ಲಿ ಇದು ಒಮ್ಮೆಯೂ ಬಂದಿರಲಿಲ್ಲ. ಅಲ್ಲೇ ಖಾಲಿ ಡಬ್ಬಿ ಇಟ್ಟೆ, ತುಂಬಿ ಚೆಲ್ಲಿತು.

ವಾಟರ್‌ಮನ್ ಮೊದಲು ಒಪ್ಪಲಿಲ್ಲ. ತ್ರೀಫೇಸ್ ಕರೆಂಟು ಬಂದಾಗ ಮಾತ್ರ ಟ್ಯಾಂಕ್ ತುಂಬುತ್ತದೆ ಅಂದ, ಅದು ಸುಳ್ಳಲ್ಲ. ಆದರೆ ರಾತ್ರಿ ತುಂಬಿಸಿ ಬೆಳಿಗ್ಗೆ ಆರಕ್ಕೆ ಬಿಡಲು ಏನು ಅಡ್ಡಿ? ಎಲ್ಲ ಓಣಿಗೂ ಒಂದೇ ಲೈನ್, ಒಟ್ಟಿಗೆ ಬಿಟ್ಟರೆ ಎತ್ತರದ ಓಣಿಗೆ ಏರುವುದಿಲ್ಲ. ಎರಡು ವಾಲ್ವ್ ಕೂಡಿಸಿದೆವು, ಕೂಲಿ ಸೇರಿ 18-20 ಸಾವಿರ. ನೀರಿನ ಕೆಲಸ ಆದ್ದರಿಂದ ಟೈಡ್ ರೊಕ್ಕದಲ್ಲೇ ಹೋಯಿತು, ನಮ್ಮ ಲಕ್ಷ ಹಾಗೇ ಉಳಿಯಿತು. ನೀವೂ ಹೀಗೆ ನೋಡಿ: ಯಾವ ಬೇಡಿಕೆ ಯಾವ ಗಂಟಿನಲ್ಲಿ ಕೂರುತ್ತದೆ ಅಂತ ಮೊದಲು ವಿಂಗಡಿಸಿದರೆ ಅನ್‌ಟೈಡ್ ರೊಕ್ಕ ಬಹಳ ಉಳಿಯುತ್ತದೆ.

ಓಣಿ ಸಭೆಗೆ ಕಾನೂನಿನ ಬಲ ಇಲ್ಲ, ಅದು ನೆನಪಿರಲಿ. ಬೀಜದ ಎಣಿಕೆಯನ್ನು ವಾರ್ಡ್ ಸಭೆಯಲ್ಲಿ ಓದಿ ನಡಾವಳಿಯಲ್ಲಿ ಬರೆಸಬೇಕು, ಗ್ರಾಮ ಸಭೆಯಲ್ಲಿ ಠರಾವು ಆಗಬೇಕು. ಗ್ರಾಮ ಸಭೆಯಲ್ಲಿ ಒಬ್ಬರು ಹೈಮಾಸ್ಟ್ ಮತ್ತೆ ಎತ್ತಿದರು. ನಾನು ಬಾಯಿ ಬಿಡಲಿಲ್ಲ. ಹಿಂದಿನ ಓಣಿಯ ಹೆಂಗಸರೇ ಎದ್ದು ನಿಂತು "ಎಣಿಸಿದ್ದು ಮುಗದೈತಿ" ಅಂದರು.

ನಡುವೆ ಮಕ್ಕಳ ಗ್ರಾಮ ಸಭೆಯಲ್ಲೂ ಬೀಜ ಹಾಕಿಸಿ ನೋಡಿದೆ. ಅವರು ಆರಿಸಿದ್ದು ಶಾಲೆ ಹಿಂದಿನ ಮುಳ್ಳುಜಾಲಿ ಕಡಿಸುವುದು. ಜೆಸಿಬಿ ಅರ್ಧ ದಿನದ ಕೆಲಸ, ಊರಿನವರೇ ಡೀಸೆಲ್ ಹಾಕಿಸಿದರು.

ಆದ ಕೆಲಸ, ಬಿದ್ದ ಖರ್ಚು ಎರಡನ್ನೂ ಗುಡಿ ಪಕ್ಕದ ಗೋಡೆ ಮೇಲೆ ಬರೆಸಿದ್ದೇನೆ, ಪೇಂಟರ್‌ಗೆ 1,500. ಮನೆ ಕರ ಮೊದಲು ಹತ್ತರಲ್ಲಿ ನಾಲ್ಕು ಮನೆ ಕಟ್ಟುತ್ತಿದ್ದರು, ಈಗ ಆರೇಳು ಮನೆ ಕಟ್ಟುತ್ತಾರೆ ಅಂತ ಬಿಲ್ ಕಲೆಕ್ಟರ್ ಹೇಳುತ್ತಾನೆ. ಪಕ್ಕದ ವಾರ್ಡಿನವರೂ ಈಗ ಕೂಡುತ್ತೇವೆ ಅನ್ನುತ್ತಿದ್ದಾರೆ. ಎರಡೂ ವಾರ್ಡಿನ ಪಾಲು ಸೇರಿಸಿದರೆ ಎರಿ (ಕಪ್ಪು ಮಣ್ಣಿನ) ಹೊಲದ ದಾರಿಗೆ ಒಂದು ಪೈಪ್ ಮೋರಿ ಆಗುತ್ತದೆ, ಮಳೆಗಾಲದಲ್ಲಿ ಚಕ್ಕಡಿ ಹೂತುಕೊಳ್ಳುವುದು ತಪ್ಪುತ್ತದೆ. ಮಾತುಕತೆ ಎಲ್ಲ ಮುಗಿದಿದೆ. ಮೋರಿಯನ್ನು ಯಾವ ವಾರ್ಡಿನ ಲೆಕ್ಕಕ್ಕೆ ಬರೆಯುವುದು ಅನ್ನುವುದೊಂದೇ ತಕರಾರು ಉಳಿದಿದೆ.