ಛತ್ರ ಬುಕ್ ಮಾಡುವ ಮುಂಚೆ ಹಿಂಬಾಗಿಲು ನೋಡಿ

ಮದುವೆಗೆ ಛತ್ರ ನೋಡಲು ಹೋದಾಗ ನಾವು ಕೇಳುವುದು ಬಾಡಿಗೆ ಎಷ್ಟು, ಪಾರ್ಕಿಂಗ್ ಇದೆಯಾ, ಒಂದು ಪಂಕ್ತಿಗೆ ಎಷ್ಟು ಎಲೆ ಹಾಕಬಹುದು, ಇಷ್ಟೇ ಅಲ್ವಾ? ಬೆಂಕಿ ಬಿದ್ದರೆ ಹೊರಗೆ ಓಡಲು ಬೇಕಾಗುವ ಹಿಂಬಾಗಿಲನ್ನು ಯಾರೂ ನೋಡುವುದಿಲ್ಲ. ದಯವಿಟ್ಟು ಮೊದಲು ಅದನ್ನೇ ನೋಡಿ.

ನನ್ನ ತಂಗಿಯ ಮದುವೆಯ ಛತ್ರದಲ್ಲಿ ಆ ಬಾಗಿಲಿಗೆ ಬೀಗ ಜಡಿದು, ಮುಂದೆ ಪ್ಲಾಸ್ಟಿಕ್ ಕುರ್ಚಿಗಳನ್ನು ಆಳೆತ್ತರ ಪೇರಿಸಿದ್ದರು. ಕೀ ಮ್ಯಾನೇಜರ್ ಹತ್ತಿರ ಇದೆ ಅಂದರು, ಮ್ಯಾನೇಜರ್ ಊರಲ್ಲೇ ಇರಲಿಲ್ಲ. ಒಳಗೆ ನೂರಾರು ಜನ, ಮಕ್ಕಳು, ಅಜ್ಜಿಯರು. ಇವತ್ತಿಗೂ ನೆನೆಸಿಕೊಂಡರೆ ಮೈ ಜುಮ್ಮೆನ್ನುತ್ತದೆ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಬಹುಮಹಡಿ ಕಟ್ಟಡ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದು 9 ಜನ ತೀರಿಹೋದರಲ್ಲ, ಅಲ್ಲಿ ಬೆಂಕಿಗಿಂತ ಹೊಗೆಯೇ ಯಮನಾಗಿತ್ತು, ಉಸಿರಾಡಲಾಗದೆ ಕಿಟಕಿಯಿಂದ ಹಾರಿದವರೂ ಇದ್ದರು.

ಹಾಗಾಗಿ ಬಾಗಿಲನ್ನು ನೀವೇ ತಳ್ಳಿ ನೋಡಿ. ಹೊರಕ್ಕೆ ತೆರೆಯಬೇಕು. ಒಳಕ್ಕೆ ತೆರೆಯುವಂಥದ್ದಾದರೆ ಜನ ನುಗ್ಗಿದಾಗ ಎಳೆಯಲು ಜಾಗವೇ ಸಿಗುವುದಿಲ್ಲ, ಮದುವೆ ಮುಗಿಯುವವರೆಗೆ ಹಗ್ಗ ಕಟ್ಟಿ ತೆರೆದೇ ಇಡಿ. ಊಟದ ಹಾಲ್ ಮೇಲೋ ಕೆಳಗೋ ಇದ್ದರೆ ಎರಡನೇ ಮೆಟ್ಟಿಲು ಎಲ್ಲಿದೆ ಕೇಳಿ.

ಆಮೇಲೆ ಅಡುಗೆಮನೆ. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಕೂರುತ್ತದೆ, ಅದಕ್ಕೇ ನೆಲಮಾಳಿಗೆಯ ಅಡುಗೆಮನೆ ಅಂದರೆ ನನಗೆ ಭಯ. ಸಿಲಿಂಡರ್‌ಗಳನ್ನು ಒಲೆಯಿಂದ ದೂರ, ಹೊರಗೆ ನಿಲ್ಲಿಸಲು ಅಡುಗೆ ಭಟ್ಟರಿಗೆ ಹೇಳಿ. ಪೈಪಿನ ಜಾಯಿಂಟಿಗೆ ಸೋಪಿನ ನೀರು ಹಚ್ಚಿ, ಗುಳ್ಳೆ ಎದ್ದರೆ ಸೋರುತ್ತಿದೆ ಅಂತಲೇ. ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ, ಆನೂ ಬೇಡ ಆಫೂ ಬೇಡ. ಎಲ್ಲರನ್ನೂ ಹೊರಗೆ ಕಳಿಸಿ, ದೂರ ಹೋಗಿ ಗ್ಯಾಸ್ ಸೋರಿಕೆಯ ಸಹಾಯವಾಣಿ 1906ಕ್ಕೆ ಫೋನ್ ಮಾಡಿ. ಬಾಣಲೆಯ ಎಣ್ಣೆ ಹೊತ್ತಿಕೊಂಡರೆ ನೀರು ಸುರಿಯಲೇಬೇಡಿ, ಉರಿಯುವ ಎಣ್ಣೆ ಸಿಡಿದು ಪಕ್ಕದವರ ಮೈಮೇಲೆ ಬೀಳುತ್ತದೆ. ಗ್ಯಾಸ್ ನಿಲ್ಲಿಸಿ, ದೊಡ್ಡ ತಟ್ಟೆ ಮುಚ್ಚಿ, ತಣ್ಣಗಾಗುವ ತನಕ ತೆಗೆಯಬೇಡಿ.

ಗೋಡೆಯ ಮೇಲಿನ, ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಸುಮ್ನೆ ಶೋಗೆ ಇರಬಾರದು. ಅದರ ಮೀಟರಿನ ಮುಳ್ಳು ಹಸಿರಲ್ಲಿದೆಯಾ ನೋಡಿ. ಬಳಸುವುದು ಸುಲಭ: ಪಿನ್ ಎಳೆದು, ಬೆಂಕಿಯ ಬುಡಕ್ಕೆ ಹಿಡಿದು, ಒತ್ತಿ, ಆ ಕಡೆ ಈ ಕಡೆ ಆಡಿಸಿ.

ಜನರೇಟರ್ ಹೊರಗೇ ಇರಲಿ, ಕಿಟಕಿಯಿಂದಲೂ ದೂರ. ಹೋಮಕುಂಡದ ಹತ್ತಿರ ಥರ್ಮಾಕೋಲ್, ಬಟ್ಟೆ ಬೇಡ ಅಂತ ಡೆಕೋರೇಷನ್‌ನವರಿಗೆ ಮುಂಚೆಯೇ ಹೇಳಿ. ಊಟದ ಹಾಲಿನಲ್ಲಿ ಸಾರು ಚೆಲ್ಲಿದ ತಕ್ಷಣ ಒರೆಸಲು ಒಬ್ಬರನ್ನು ನಿಲ್ಲಿಸಿ.

ಕೊನೆಗೆ, ಮನೆಯ ಇಬ್ಬರು ಹುಡುಗರಿಗೆ ಛತ್ರದ ಪೂರ್ತಿ ವಿಳಾಸ, ಹತ್ತಿರದ ಗುರುತು ಬಾಯಿಪಾಠ ಮಾಡಿಸಿ. 112ಕ್ಕೆ ಫೋನ್ ಮಾಡಿದಾಗ ಮೊದಲು ಕೇಳುವುದೇ ಅದನ್ನು.