ಮಲೆನಾಡಿನಿಂದ ಸಾಮಾಜಿಕ ಭದ್ರತಾ ಕಾನೂನಿನ ವೃತ್ತಿಗೆ: ಹಾನ್ಸ್ ತ್ಸಾಖರ್ ಅವರ ಹಾದಿಯನ್ನು ಬಳಸಿಕೊಳ್ಳುವ ಬಗೆ

ಪಿಂಚಣಿ, ವಿಮೆ, ಅಪಘಾತ ಪರಿಹಾರಗಳ ಕಾನೂನನ್ನೇ ವೃತ್ತಿಯಾಗಿ ಆರಿಸಿಕೊಳ್ಳಬಯಸುವ ಶಿವಮೊಗ್ಗದ ಕಾನೂನು ವಿದ್ಯಾರ್ಥಿಯು ಜರ್ಮನಿಯ ಸಾಮಾಜಿಕ ಕಾನೂನಿನ ವಿದ್ವಾಂಸ ಹಾನ್ಸ್ ತ್ಸಾಖರ್ (1928–2015) ಅವರ ಜೀವನವನ್ನು ಹುದ್ದೆಗಳ ಪಟ್ಟಿಯಾಗಿ ಓದದೆ, ಯಾವ ಕೆಲಸದ ಬಳಿಕ ಯಾವುದನ್ನು ಕೈಗೆತ್ತಿಕೊಂಡರು ಎಂಬುದನ್ನು ಗಮನಿಸಬೇಕು. ಅವರು 1963ರಲ್ಲಿ ಸಾರ್‌ಬ್ರ್ಯೂಕನ್‌ನಲ್ಲಿ, 1971ರಿಂದ ಮ್ಯೂನಿಕ್‌ನಲ್ಲಿ ಪ್ರಾಧ್ಯಾಪಕರಾಗಿದ್ದರು. ಚದುರಿದ್ದ ಕಾನೂನುಗಳನ್ನು ಒಂದೇ ಸಂಹಿತೆಗೆ ತರುವ ಕೆಲಸದಲ್ಲಿ ಪಾಲ್ಗೊಂಡರು. ನಾನಾ ದೇಶಗಳ ಸಾಮಾಜಿಕ ಕಾನೂನುಗಳನ್ನು ಹೋಲಿಸಿ ನೋಡಲು ಅವರು ಕಟ್ಟಿದ ತಂಡವು 1980ರಲ್ಲಿ ಮ್ಯಾಕ್ಸ್ ಪ್ಲಾಂಕ್ ಸಂಶೋಧನಾ ಸಂಸ್ಥೆಯಾಯಿತು. ತಮ್ಮ ನಾಡಿನ ಕಾನೂನನ್ನು ಅರೆದು ಕುಡಿದ ಮೇಲೆಯೇ ಅವರು ಹೋಲಿಕೆಗೆ ಕೈಹಾಕಿದರು. ನಮ್ಮಲ್ಲಿ ಅನೇಕರು ಈ ಕ್ರಮವನ್ನು ತಲೆಕೆಳಗು ಮಾಡುತ್ತಾರೆ.

ಆದುದರಿಂದ ಆರಂಭವು ತೀರ್ಥಹಳ್ಳಿಯದೋ ಹೊಸನಗರದದೋ ನಾಡಕಚೇರಿಯಲ್ಲಿ ತಿರಸ್ಕೃತವಾದ ಒಂದು ಸಂಧ್ಯಾ ಸುರಕ್ಷಾ ಅರ್ಜಿಯಿಂದಾಗಲಿ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಸ್ವಯಂಸೇವಕರಾಗಿ ಸೇರಿದರೆ ಇಂತಹ ಕಡತಗಳನ್ನು ಹತ್ತಿರದಿಂದ ನೋಡುವ ಅವಕಾಶ ಒದಗಬಹುದು. ತಿರಸ್ಕಾರವು ಲಿಖಿತವಾಗಿದೆಯೇ, ಅದಕ್ಕೆ ಯಾವ ನಿಯಮವನ್ನು ಕಾರಣವಾಗಿ ಕೊಡಲಾಗಿದೆ, ಮೇಲ್ಮನವಿಯನ್ನು ಯಾರು ಕೇಳುತ್ತಾರೆ ಎಂಬುದನ್ನು ಮೊದಲು ಬರೆದುಕೊಳ್ಳಬೇಕು. ನೆರವು ಸರ್ಕಾರದ ಕೃಪೆಯೋ ಅರ್ಜಿದಾರರ ಹಕ್ಕೋ ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಜರ್ಮನಿಯಲ್ಲಿ ಇದಕ್ಕೆ 1954ರ ಜೂನ್ 24ರಂದು ಒಕ್ಕೂಟದ ಆಡಳಿತ ನ್ಯಾಯಾಲಯವು ಉತ್ತರ ನೀಡಿತು: ಕಾನೂನು ಸರ್ಕಾರದ ಮೇಲೆ ಕರ್ತವ್ಯ ಹೊರಿಸಿದಲ್ಲಿ ಬಡವನಿಗೆ ಅದನ್ನು ಕೇಳಿ ಪಡೆಯುವ ಹಕ್ಕಿದೆ. ಇಂದು ಅಲ್ಲಿ ವಿಮೆಯ ರಕ್ಷಣೆ ಪಡೆದವನೊಬ್ಬನು ಸಾಮಾನ್ಯವಾಗಿ ಒಂದು ತಿಂಗಳೊಳಗೆ ಆಕ್ಷೇಪಣೆ ಸಲ್ಲಿಸಿ, ಅದೂ ವಿಫಲವಾದರೆ ನ್ಯಾಯಾಲಯ ಶುಲ್ಕವಿಲ್ಲದೆ, ವಕೀಲರನ್ನು ನೇಮಿಸಿಕೊಳ್ಳಲೇಬೇಕೆಂಬ ಕಡ್ಡಾಯವೂ ಇಲ್ಲದೆ ಇಂತಹ ವ್ಯಾಜ್ಯಗಳಿಗೆಂದೇ ಇರುವ ಸಾಮಾಜಿಕ ನ್ಯಾಯಾಲಯದ ಮೆಟ್ಟಿಲೇರಬಹುದು.

ಮುಂದಿನದು ಸಂಹಿತೆಯ ಅಭ್ಯಾಸ. ಜರ್ಮನಿಯ ಸಾಮಾಜಿಕ ಸಂಹಿತೆಯ ಮೊದಲ ಸಂಪುಟ 1976ರ ಜನವರಿ 1ರಂದು ಜಾರಿಗೆ ಬಂದಿತು. ಸಂಪುಟಗಳ ಎಣಿಕೆ ಈಗ 14ಕ್ಕೆ ತಲುಪಿದ್ದರೂ, ಅಪಶಕುನದ ಸಂಖ್ಯೆಯೆಂದು 13ನ್ನು ಬಿಟ್ಟಿದ್ದಾರೆ. (ರಾಹುಕಾಲ ನೋಡುವ ನಾವು ನಗುವಂತಿಲ್ಲ.) ನಮ್ಮಲ್ಲಿ 9 ಕಾಯ್ದೆಗಳನ್ನು ಒಗ್ಗೂಡಿಸಿದ 2020ರ ಸಾಮಾಜಿಕ ಭದ್ರತಾ ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಹಳೆಯ ಕಲಂಗಳ ಎದುರು ಹೊಸ ಕಲಂಗಳನ್ನು ಸ್ವಂತ ಕೈಯಿಂದ ಬರೆದ ಕೋಷ್ಟಕವೊಂದನ್ನು ಇಟ್ಟುಕೊಳ್ಳಿ. ಬಳಿಕ ಅಡಿಕೆ ಮರದಿಂದ ಬಿದ್ದ ಕೊನೆಗೌಡನ (ಮರವೇರಿ ಅಡಿಕೆ ಗೊನೆ ಕೊಯ್ಯುವ ಕೆಲಸಗಾರನ) ಪ್ರಸಂಗವನ್ನು ಅದರ ಮೇಲೆ ಪರೀಕ್ಷಿಸಿ: ಬೆಳಿಗ್ಗೆ ಒಂದು ತೋಟ, ಮಧ್ಯಾಹ್ನ ಇನ್ನೊಂದು ತೋಟ ಎಂದು ದುಡಿಯುವವನಿಗೆ ಪರಿಹಾರ ಕೊಡಬೇಕಾದ ಮಾಲೀಕ ಯಾರು, ತೋಟದವನೋ ಫಸಲನ್ನು ಗುತ್ತಿಗೆ ಹಿಡಿದ ಚೇಣಿದಾರನೋ?

ಜರ್ಮನಿಗೆ ಹೋಗುವ ಆಸೆಯಿದ್ದವರು ಒಂದನ್ನು ಅರಿತಿರಬೇಕು. ಅಲ್ಲಿ ವಕೀಲರಾಗಲು ಸಾಮಾನ್ಯವಾಗಿ ಎರಡು ರಾಜ್ಯ ಪರೀಕ್ಷೆಗಳೂ ಅವುಗಳ ನಡುವೆ ಎರಡು ವರ್ಷಗಳ ತರಬೇತಿಯೂ ಬೇಕಾದುದರಿಂದ, ನಮ್ಮ ಪದವೀಧರರಿಗೆ ಸುಲಭವಾದ ದಾರಿ ಸಂಶೋಧನೆಯದೇ. ಸಂಶೋಧನೆಯ ಪ್ರಸ್ತಾವಕ್ಕೆ ಆ ಕೊನೆಗೌಡನ ಕಡತವೇ ಸಾಕು, ಹೋಲಿಸಿ ನೋಡಲು ಜರ್ಮನಿಯ ಉತ್ತರವೂ ಇದೆ. 1884ರ ಅಪಘಾತ ವಿಮಾ ಕಾನೂನನ್ನು ಜರ್ಮನಿಯು 1886ರಲ್ಲಿಯೇ ಕೃಷಿಗೂ ವಿಸ್ತರಿಸಿತ್ತು, ಮತ್ತು ಗಾಯಾಳುವಿಗೆ ಹಣ ಸಲ್ಲುವುದು ಚೇಣಿದಾರನಂತಹ ಒಬ್ಬನ ಜೇಬಿನಿಂದಲ್ಲ, ಮಾಲೀಕರೆಲ್ಲರೂ ವಂತಿಗೆ ಕಟ್ಟಿದ ನಿಧಿಯಿಂದ.